ಮೂರನೇ ಗೇರಿನ ಸದ್ದು

ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ಬಾಗಿಲು ಬಡಿದ ರಭಸಕ್ಕೆ ಗಣಿತದ ಮೇಷ್ಟ್ರು ಬಾಲ್ಕನಿಯಲ್ಲಿ ಹಾಸಿದ್ದ ಚಾಪೆಯಿಂದ ದಡಬಡಿಸಿ ಎದ್ದು, ಕೆನ್ನೆಯ ಮೇಲೆ ಚಾಪೆಯ ಗೆರೆ ಹೊತ್ತುಕೊಂಡೇ ಓಡಿಬಂದರು.

"ಇವತ್ತೂ ಶುರು ಹಚ್ಕೊಂಡ್ರಲ್ಲ ಮೇಷ್ಟ್ರೇ! ಬೆಳಕು ಹರಿಯೋಕ್ಕೆ ಮುಂಚೆ ಕಾರು ಕಿರುಚಿಸೋಕೆ ನಾಚಿಕೆ ಆಗಲ್ವಾ? ಸುಯ್ಯ್ಯ್... ಪ್ಶೂ! ಸುಯ್ಯ್ಯ್... ಪ್ಶೂ! ಇಡೀ ಕಟ್ಟಡಕ್ಕೆ ನಿದ್ದೆ ಇಲ್ಲ. ಮಧ್ಯಾಹ್ನ ಸಭೆ ಕರೆದಿದೀನಿ. ನಿಮ್ಮ ಕಾರು ನೆಲಮಾಳಿಗೆಯಿಂದ ಆಚೆ ಹೋಗ್ಬೇಕು, ಅಷ್ಟೇ!"

ಮೇಷ್ಟ್ರ ಸಿಟ್ಟೂ ಅವರ ಕಾರಿನ ಹಾಗೇ. ತೊಂಬತ್ತರ ದಶಕದ ಟರ್ಬೋ ಕಾರು ಅದು. ಪೆಡಲು ತುಳಿದರೆ ಮೊದಲು ಕಿವುಡನ ಹಾಗೆ ಸುಮ್ಮನಿರುತ್ತದೆ. ಆಮೇಲೆ ಯಾರೋ ಬೆನ್ನಿಗೆ ಒದ್ದಂತೆ ನುಗ್ಗುತ್ತದೆ. ಸೆಕ್ರೆಟರಿ ಅರ್ಧ ಮೆಟ್ಟಿಲು ಇಳಿದಾದ ಮೇಲೆ ಮೇಷ್ಟ್ರು ಸಿಡಿದರು.

"ರೀ ಸ್ವಾಮಿ! ಆ ಕಾರಲ್ಲಿ ಈಗ ಟರ್ಬೋನೇ ಇಲ್ಲ ಕಣ್ರೀ!"

ಮಾತು ನಿಜವೇ. ಕೆಂಪು ಬಣ್ಣ, ಎರಡೇ ಬಾಗಿಲು, ಬೇಕೆಂದಾಗ ಕಪ್ಪೆಗಣ್ಣಿನಂತೆ ಮೇಲೇಳುವ ದೀಪ. ಕಾಲೇಜಿನಲ್ಲಿದ್ದಾಗ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರದ ಕಾರು, ಅರ್ಧ ಆಯಸ್ಸು ಕಳೆದ ಮೇಲೆ ಗುಜರಿಯಲ್ಲಿ ಸಿಕ್ಕಿತ್ತು. 'ಸುಯ್ಯ್ಯ್... ಪ್ಶೂ' ಎನ್ನುತ್ತ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋವನ್ನು ರಿಪೇರಿಗೆಂದು ಬಿಚ್ಚಿ ಮಲಗುವ ಕೋಣೆಯಲ್ಲಿ ಇಟ್ಟುಕೊಂಡಿದ್ದರು. "ಈ ಕಬ್ಬಿಣದ ಬಸವನಹುಳದ ಎಣ್ಣೆ ವಾಸನೆ ನಂಗಾಗಲ್ಲ. ಅದೂ ನೀವೂ ಇಬ್ಬರೂ ಆಚೆ ಮಲಗಿ" ಎಂದು ಹೆಂಡತಿ ಕಳೆದ ತಿಂಗಳೇ ಗಡೀಪಾರು ಮಾಡಿದ್ದಳು. ಇನ್ನು ಕಾರನ್ನೂ ಬೀದಿಗೆ ತಳ್ಳಿದರೆ ಕನ್ನಡಿ, ಚಕ್ರ, ದೀಪ ಎಲ್ಲ ಒಂದೊಂದಾಗಿ ಮಾಯವಾಗಿ ಕೊನೆಗೆ ಸ್ಟಿಯರಿಂಗು ಉಳಿದರೆ ಪುಣ್ಯ.

ಮೇಷ್ಟ್ರು ಸೆಕ್ರೆಟರಿಯ ತೋಳು ಹಿಡಿದು ನೆಲಮಾಳಿಗೆಗೆ ಎಳೆದೊಯ್ದರು. ಬಾನೆಟ್ ಎತ್ತಿ, ಹಲ್ಲು ಕಿತ್ತ ಒಸಡಿನಂತಿದ್ದ ಖಾಲಿ ಜಾಗ ತೋರಿಸಿದರು.

"ನೋಡಿ! ಕಣ್ಣು ಬಿಟ್ಟು ನೋಡಿ! ಸದ್ದು ಎಲ್ಲಿಂದ ಬರುತ್ತೆ?"

"ಬಿಚ್ಚೋಕೆ ಬಂದೋರಿಗೆ ಹಾಕೋಕೆ ಬರಲ್ವಾ?" ಎನ್ನುತ್ತ ಸೆಕ್ರೆಟರಿ ಕೈಯಾಡಿಸಿದ್ದೇ ತಡ, ಬಾನೆಟ್ಟಿಗೆ ಆನಿಸಿದ್ದ ಸಲಾಕೆ ಜಾರಿತು. ಬಾನೆಟ್ ಬಿತ್ತು. ಸೆಕ್ರೆಟರಿ ಕೂಗಿದ ಕೂಗಿಗೆ ನೆಲಮಾಳಿಗೆಯ ಬೇರೆ ಕಾರುಗಳೆಲ್ಲ ಒಟ್ಟಿಗೆ ಬೊಬ್ಬೆ ಹಾಕತೊಡಗಿದವು.

"ಬೇಕಂತಲೇ ಮಾಡಿದ್ರಿ!" ಊದಿದ ಬೆರಳನ್ನು ಬಾಯಿಗಿಟ್ಟುಕೊಂಡು ಸೆಕ್ರೆಟರಿ ಹೋದರು.

ಹಾಗಾದರೆ ಕಳ್ಳ ಯಾರು? ಈ ಕಟ್ಟಡದಲ್ಲಿ ಟರ್ಬೋ ಕಾರು ಇರುವ ಇನ್ನೊಬ್ಬ ಆಸಾಮಿ ಒಬ್ಬರೇ: ಕೆಳಗಿನ ಮನೆಯಲ್ಲೇ ಕ್ಲಿನಿಕ್ ಇಟ್ಟುಕೊಂಡಿದ್ದ ಹಲ್ಲಿನ ಡಾಕ್ಟರು. ಅವರ ಕಾರೂ ಅದೇ ಕಾಲದ್ದು, ನೀಲಿ ಬಣ್ಣದ್ದು. ಮೇಷ್ಟ್ರ ತಲೆಗೆ ಬಿಸಿ ಏರಿತು. ಚಪ್ಪಲಿಯನ್ನೂ ಮೆಟ್ಟದೆ ಕ್ಲಿನಿಕ್ಕಿನ ಬಾಗಿಲನ್ನು ದಬಾರನೆ ತಳ್ಳಿದರು.

"ನೀವು ಮಜಾ ಮಾಡ್ತೀರಿ, ಬೈಗುಳ ನಾನು ತಿನ್ಬೇಕಾ?"

ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದವರು ಮೇಷ್ಟ್ರ ಮೇಲಿನ ಮನೆಯ ಮೇಟ್ರನ್. ಆಸ್ಪತ್ರೆಯ ಇಡೀ ವಾರ್ಡನ್ನು ಕಣ್ಣಲ್ಲೇ ನಡುಗಿಸಿ ನಿವೃತ್ತರಾದವರು. ಅವರೇ ಬೆಚ್ಚಿ ಬಾಯಿ ಮುಚ್ಚಿದರು. ಡಾಕ್ಟರ ಬೆರಳು ಒಳಗೇ ಇತ್ತು.

"ಅಯ್ಯೋ! ಬಿಡೀಮ್ಮಾ, ಬಿಡೀ!" ಡಾಕ್ಟರು ಕುಣಿದರು. ಬೆರಳು ಬಿಡಿಸಿಕೊಂಡು ಹೇಳಿದರು: "ನಂದೆಲ್ರೀ ಮೇಷ್ಟ್ರೇ? ನನ್ನ ಕಾರು ಮೆಕಾನಿಕ್ ಹತ್ರ ಹೋಗಿ ಎರಡು ತಿಂಗಳಾಯ್ತು. ದಿನಾ ನಿಮ್ಮ ಸದ್ದು ಕೇಳ್ಕೊಂಡೇ ಹೊಟ್ಟೆ ಉರ್ಕೊಳ್ತಿದೀನಿ. ಮೂರನೇ ಗೇರಲ್ಲಿ ತುಳಿದು ಬಿಡ್ತೀರಲ್ಲ, ಆಹಾ! ಆ 'ಪ್ಶೂ' ಇದೆಯಲ್ಲ..."

"ಮೂರನೇ ಗೇರಂತೆ!" ಮೇಟ್ರನ್ ಅರ್ಧ ಮರಗಟ್ಟಿದ ಬಾಯಲ್ಲೇ ಗುಡುಗಿದರು. "ನನ್ನ ಮಂಚದ ಕೆಳಗೇ ಓಡಿಸಿದ ಹಾಗಾಗುತ್ತೆ! ಸಭೆಗೆ ಬನ್ನಿ, ನಿಮಗಿದೆ!"

ಮೇಷ್ಟ್ರು ಮನೆಗೆ ಬಂದು ಊಟ ಮಾಡಲಿಲ್ಲ. ಹೆಂಡತಿ ತಟ್ಟೆ ಇಟ್ಟರೆ ತಟ್ಟೆಯ ಮೇಲೂ ರೇಗಿದರು.

"ಒಬ್ಬರಾದ್ರೂ ನನ್ನ ಮಾತು ನಂಬ್ತಾರಾ? ನೀನು ಹೇಳು, ಬೆಳಿಗ್ಗೆ ನಾನೆಲ್ಲಿರ್ತೀನಿ?"

"ಮಲಗಿರ್ತೀರಿ," ಎಂದಳು ಹೆಂಡತಿ, ಸಾರು ಬಡಿಸುತ್ತ.

"ಸಭೇಲೂ ಇದನ್ನೇ ಹೇಳು!"

"ನೋಡೋಣ."

ಸಭೆಯ ಹೊತ್ತಿಗೆ ಮೇಷ್ಟ್ರು ಟರ್ಬೋವನ್ನು ಟವೆಲ್ಲಿನಲ್ಲಿ ಸುತ್ತಿ, ಬಾಣಂತಿ ಕೂಸನ್ನು ಹಿಡಿದಂತೆ ಎದೆಗವಚಿಕೊಂಡು ಬಂದರು. ಸೆಕ್ರೆಟರಿಯ ಬೆರಳಿಗೂ ಬ್ಯಾಂಡೇಜು, ಡಾಕ್ಟರ ಬೆರಳಿಗೂ ಬ್ಯಾಂಡೇಜು. ಮೇಟ್ರನ್ನರ ಕೆನ್ನೆ ಬನ್ನಿನಂತೆ ಊದಿತ್ತು. ಮೇಷ್ಟ್ರು ಟರ್ಬೋವನ್ನು ಮೇಜಿನ ಮೇಲೆ ಕುಕ್ಕಿದರು. ಒಳಗೆ ಉಳಿದಿದ್ದ ಕರಿ ಎಣ್ಣೆ ಸೆಕ್ರೆಟರಿಯ ಬಿಳಿ ಅಂಗಿಗೆ ಹಾರಿತು.

"ಇದೇ ಸಾಕ್ಷಿ!"

"ಇದೇ ಅಪರಾಧಿ!" ಎಂದರು ಸೆಕ್ರೆಟರಿ, ಅಂಗಿ ಒರೆಸಿಕೊಳ್ಳುತ್ತ. "ಕೂತ್ಕೊಳ್ಳಿ. ಮೊದಲು ನಾನು ಮಾತಾಡ್ತೀನಿ."

ಮಾತಾಡಿದರು. ಸಂಘದ ಸ್ಥಾಪನೆಯಿಂದ ಹಿಡಿದು ಲಿಫ್ಟು ಕೆಟ್ಟದ್ದು, ನೀರಿನ ತೊಟ್ಟಿ ತೊಳೆಸಿದ್ದು, ಎಲ್ಲವನ್ನೂ ದಾಟಿ ಶಬ್ದಮಾಲಿನ್ಯಕ್ಕೆ ಬರಬೇಕಿತ್ತು. ಬೆಳಗಿನಿಂದ ಸಿಟ್ಟಿನಲ್ಲೇ ಬೆಂದು, ಹಸಿದು, ಸುಸ್ತಾಗಿದ್ದ ಮೇಷ್ಟ್ರು ಕೈಕಟ್ಟಿ ಕುಳಿತರು. ಯಾವ ಮಾತಿಗೆ ಏನು ಉತ್ತರ ಕೊಡಬೇಕೆಂದು ಹಲ್ಲು ಕಡಿಯುತ್ತ ಲೆಕ್ಕ ಹಾಕಿದರು. ನೀರಿನ ತೊಟ್ಟಿಯವರೆಗೆ ನೆನಪಿದೆ.

ಕಣ್ಣು ಬಿಟ್ಟಾಗ ಭಾಷಣ ನಿಂತಿತ್ತು. ಸಭೆಗೆ ಸಭೆಯೇ ಕುತ್ತಿಗೆ ತಿರುಗಿಸಿ ತಮ್ಮನ್ನೇ ನೋಡುತ್ತಿತ್ತು.

"ಇದೇ!" ಮೇಟ್ರನ್ ಬೆರಳು ಚಾಚಿ ಕಿರುಚಿದರು. "ಇದೇ ಸದ್ದು!"

"ಮೂರನೇ ಗೇರು," ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ದನಿಯಲ್ಲಿ ಭಕ್ತಿಯಿತ್ತು.

ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಗಲ್ಲದ ಮೇಲಿನ ಜೊಲ್ಲು ಒರೆಸಿಕೊಂಡು ಹೆಂಡತಿಯ ಕಡೆ ತಿರುಗಿದರು.

"ನಾನಾ?... ನಿಂಗೆ ಗೊತ್ತಿತ್ತಾ?"

"ಮದುವೆ ಆದಾಗಿನಿಂದ," ಎಂದಳು ಆಕೆ. "ಇಷ್ಟು ವರ್ಷ ಆ ಗೊರಕೆ ನನ್ನೊಬ್ಬಳ ಪಾಲಿಗಿತ್ತು. ಹೋದ ತಿಂಗಳಿಂದ ಎಲ್ಲರಿಗೂ ಹಂಚಿದೀನಿ."

"ಮತ್ತೆ ಆ ಎಣ್ಣೆ ವಾಸನೆ?"

"ಏನೂ ಇರ್ಲಿಲ್ಲ."

"ಬೆಳಿಗ್ಗೆಯಿಂದ ಎಲ್ಲರ ಕೈಲೂ ಉಗಿಸ್ಕೊಳ್ತಿದೀನಲ್ಲೇ! ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ವಾಪಸ್ ಒಳಗೆ ಬಂದು ಮಲಗ್ತಿದ್ರಲ್ಲ!"

ಸೆಕ್ರೆಟರಿ ಮೇಜು ಕುಟ್ಟಿದರು; ಬೆರಳು ನೆನಪಾಗಿ ಮುಖ ಕಿವುಚಿದರು. "ಹಾಗಾದ್ರೆ ಕಾರಿನ ತಪ್ಪಿಲ್ಲ. ಕಾರು ನೆಲಮಾಳಿಗೇಲೇ ಇರಲಿ. ಮೇಷ್ಟ್ರು ಇನ್ಮೇಲೆ ಅದರೊಳಗೆ ಮಲಗಲಿ. ಒಪ್ಪೋರು ಕೈ ಎತ್ತಿ."

ಎಲ್ಲರಿಗಿಂತ ಮೊದಲು ಎದ್ದದ್ದು ಹೆಂಡತಿಯ ಕೈ.

ಮೇಷ್ಟ್ರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕುರ್ಚಿ ಹಿಂದಕ್ಕೆ ಉರುಳುವಂತೆ ಎದ್ದು ನಿಂತರು.

"ಏನ್ರೀ ಅನ್ಯಾಯ! ಅದು ರೇಸಿನ ಸೀಟು ಕಣ್ರೀ, ಹಿಂದಕ್ಕೆ ಬಾಗಲ್ಲ!"

"ಒಳ್ಳೇದೇ ಆಯ್ತಲ್ಲ," ಎಂದರು ಸೆಕ್ರೆಟರಿ. "ಕೂತು ಮಲಗಿದ್ರೆ ಗೊರಕೆ ಬರಲ್ಲ."

"ಈಗ ನಾನು ಕೂತ್ಕೊಂಡೇ ತಾನೇ ಹೊಡೆದಿದ್ದು!" ಎಂದು ಮೇಷ್ಟ್ರು ಅಬ್ಬರಿಸಿದರು.

ಸೆಕ್ರೆಟರಿ ಯೋಚಿಸಿದರು.

"ಹಾಗಿದ್ರೆ," ಎಂದರು, "ಗಾಜು ಏರಿಸ್ಕೊಳ್ಳಿ."