ಮಾವ ಹಂಚಿದ ಸಿಪಾಯಿಗಳು

ನಮ್ಮ ಸೋದರಮಾವ ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಆದರೂ ಕಳೆದ ವರ್ಷ ಅರ್ಧ ಕೊಳ್ಳೇಗಾಲ ಅವರನ್ನು ಕಂಡರೆ ಗಲ್ಲಿ ಬದಲಿಸುತ್ತಿತ್ತು. ಕಾರಣ ಇಷ್ಟೇ, ಅವರಿಗೊಂದು ಯುದ್ಧಭೂಮಿ ಬೇಕಾಗಿತ್ತು!

ಹೊನ್ನೂರಿನ ಹತ್ತಿರ ಅರ್ಧ ಎಕರೆ ಹೊಲ, ಅಂಚಿನಲ್ಲಿ ಮೂರು ವೀರಗಲ್ಲು. ಯಾವ ಕಾಲದ ಯುದ್ಧ, ಯಾರು ಗೆದ್ದರು ಎಂದು ಕೇಳಬೇಡಿ, ಮಾವನಿಗೂ ಗೊತ್ತಿಲ್ಲ. ಹೊಲದ ಯಜಮಾನರು ಅದನ್ನು ಸೈಟು ಮಾಡಿ ಮಾರಲು ಹೊರಟಾಗ, ಮಗ್ಗದ ಕೆಲಸ ಬಿಟ್ಟು ಮನೆಯಲ್ಲಿದ್ದ ಮಾವ, ತಾನೇ ಕೊಂಡು ಹಾಗೇ ಉಳಿಸುತ್ತೇನೆಂದು ಅಡ್ಡ ನಿಂತರು.

“ಮಾಲಯ ಅಮಾಸೆಗಂಟ ಟೈಮು. ಆಮೇಕೆ ಜೆಸಿಬಿ ಬತ್ತದೆ,” ಎಂದರು ಯಜಮಾನರು.

ಕೈಯಲ್ಲಿ ಕಾಸಿಲ್ಲದ ಮಾವ ಊರೆಲ್ಲ ಚಂದಾ ಕೇಳಲು ಹೊರಟರು. ದೇವಸ್ಥಾನಕ್ಕೆ ಕೊಟ್ಟರೆ ಟ್ಯೂಬ್‌ಲೈಟಿನ ಮೇಲಾದರೂ ಹೆಸರು ಬರುತ್ತದೆ. ಬೋಳು ಹೊಲಕ್ಕೆ ಚಂದಾ ಕೊಟ್ಟರೆ ಏನು ಬರುತ್ತದೆ? ಮಾವ ಒಂದು ಉಪಾಯ ಹೂಡಿದರು. ಚಂದಾ ಕೊಟ್ಟವರಿಗೆ ಅಲ್ಲಿ ಸತ್ತ ಸಿಪಾಯಿಯೊಬ್ಬನನ್ನು ವಹಿಸಿಕೊಡುವುದು. ಅಮಾವಾಸ್ಯೆಯ ದಿನ ಮನೆಯ ಹಿರಿಯರಿಗೆ ಎಡೆ ಇಡುವಂತೆ, ಹೊಲಕ್ಕೆ ಬಂದು ಅವನಿಗೂ ಒಂದು ಎಲೆ ಹಾಕಬೇಕು.

ಮೊದಲ ತೊಡಕು ಸೀರೆ ಅಂಗಡಿಯಲ್ಲೇ ಬಂತು.

“ನಮ್ ಸಿಪಾಯಿ ಮಾಂಸ ತಿಂತನಾ ಸಾ? ನಮ್ಮನೇಲಿ ಮೊಟ್ಟೆನೂ ತರಕಿಲ್ಲ,” ಎಂದರು ಅಂಗಡಿಯವರು.

ಮಾವ ಗಂಭೀರವಾಗಿ ನೋಟ್‌ಬುಕ್ ತಿರುವಿದರು. “ಕಾಯಿಪಲ್ಯದೋನು ಒಬ್ಬ ಉಳ್ದವ್ನೆ, ತಕಳಿ.”

ಯಳಂದೂರಿನ ಮೇಷ್ಟ್ರೊಬ್ಬರು ಬಡ್ತಿ ಸಿಗದೆ ನಿವೃತ್ತರಾದವರು. ಕಾಲಾಳು ಬೇಡ, ಕುದುರೆ ಸವಾರನೇ ಬೇಕೆಂದು ಹಟ ಹಿಡಿದರು. ಮಾವ ಕೊಟ್ಟರು, ಕುದುರೆಗೆ ಹುರುಳಿಯನ್ನೂ ತರಬೇಕೆಂದು ಷರತ್ತು ಹಾಕಿದರು. ನನಗೆ ಸಿಕ್ಕವನು ಸೈನ್ಯದ ಅಡುಗೆಯವನು. ನನ್ನ ಚಂದಾ ಅಷ್ಟೇ ಇತ್ತು.

ನೋಟ್‌ಬುಕ್ಕಿನಲ್ಲಿ ‘ಎದುರು ಕಡೆ’ ಎಂದು ಬರೆದಿದ್ದ ಸಿಪಾಯಿಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಯಾವ ಯುದ್ಧವೆಂದೇ ತಿಳಿಯದ ಮೇಲೆ ಎದುರಿನವರು ಯಾರೆಂದು ಹೇಗೆ ಗೊತ್ತು ಎಂದು ಕೇಳಿದೆ.

“ಯಾರೂ ಬ್ಯಾಡ ಅಂದೋರೆಲ್ಲ ಎದುರಿನೋರು ಕಣ್ಲಾ,” ಎಂದರು ಮಾವ.

ಅಮಾವಾಸ್ಯೆ ಬಂತು. ಚಂದಾ ಅರ್ಧಕ್ಕೂ ಸಾಲಲಿಲ್ಲ. ಆದರೂ ಮಧ್ಯಾಹ್ನ ಹೊಲದ ತುಂಬ ಜನ, ಎಲೆ, ಅನ್ನ. ಮೇಷ್ಟ್ರು ಹುರುಳಿಯನ್ನು ಬೇಯಿಸಿಯೇ ತಂದಿದ್ದರು. ಬದುವಿನ ಆಚೆ ಮಾವ ಒಬ್ಬರೇ ಸಾಲಾಗಿ ಎಲೆ ಹಾಸುತ್ತಿದ್ದರು. ಮೊಣಕಾಲು ನೋವಿನ ಮನುಷ್ಯ, ಎಲೆಗೊಂದು ಸಲ ಕೂತು ಏಳುತ್ತಿದ್ದರು.

ಜೆಸಿಬಿಗೆ ದಾರಿ ನೋಡಲು ಬಂದ ಯಜಮಾನರು ಕೇಳಿದರು, “ಇವ್ರು ಯಾರ ಪೈಕಿ ಸಾ?”

“ಎದುರಿನೋರು. ಇವ್ರ ಮನೇಲೂ ಎಡೆ ಇಕ್ಕಂಡು ಕಾದಿರ್ತಾರಲ್ವಾ? ಎಲ್ಲಿ ಬಿದ್ದವ್ರೆ ಅಂತ ಅವ್ರಿಗೆ ಗೊತ್ತಿರಕಿಲ್ಲ.”

ಇಷ್ಟು ದಿನ ಈ ಮನುಷ್ಯನನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಯಜಮಾನರು ಚಪ್ಪಲಿ ಬಿಟ್ಟು ಬದು ದಾಟಿ, ಮಾವನ ಕೈಯಿಂದ ಎಲೆಯ ಕಟ್ಟು ತೆಗೆದುಕೊಂಡರು.

“ನೀವು ಕೂತ್ಕಳಿ. ನನ್ ಹೊಲದಾಗೆ ಬಿದ್ದೋರು, ವರ್ಸ ವರ್ಸ ನಾನೇ ಇಕ್ತೀನಿ.”

ಮಾವ ಬದುವಿನ ಮೇಲೆ ಕೂತು ಕಣ್ಣೊರೆಸಿಕೊಂಡರು. ಜೇಬಿನಿಂದ ನೋಟ್‌ಬುಕ್ ತೆಗೆದು, ‘ಎದುರು ಕಡೆ’ ಎಂದು ಬರೆದಿದ್ದನ್ನು ಹೊಡೆದುಹಾಕಿದರು.