ಜಿಗಣಿ ಶೆಡ್ಡು ಮತ್ತು ಐದು ಜನ ಟ್ರಸ್ಟಿಗಳು

೧. ನೇಮಕ

ಹೊಲಿಗೆ ಯಂತ್ರದ ಕೆಳಗೆ ತಲೆ ತೂರಿಸಿ ಮಲಗಿದ್ದೆ. ಒಬ್ಬ ವಿದೇಶಿ ಹೆಂಗಸು ಬಗ್ಗಿ ಏನೋ ಕೇಳಿದರು. ಜೊತೆಗಿದ್ದ ಹುಡುಗಿ ಕನ್ನಡದಲ್ಲಿ ಹೇಳಿದಳು: "ನಿಮ್ಮ ಪ್ರಕಾರ ಕಲೆ ಅಂದ್ರೆ ಏನು ಅಂತ ಕೇಳ್ತಿದ್ದಾರೆ ಸಾರ್."

"ಗೊತ್ತಿಲ್ಲ. ಆ ಸ್ಕ್ರೂಡ್ರೈವರ್ ಕೊಡೋಕೆ ಹೇಳಮ್ಮ."

ಕೊಟ್ಟರು.

ಆಕೆ ಲಂಡನ್ನಿನ ಒಂದು ಅಂತಾರಾಷ್ಟ್ರೀಯ ಕಲಾ ಟ್ರಸ್ಟಿನ ಅಧ್ಯಕ್ಷೆ. ಎಪ್ಪತ್ತು ದಾಟಿದವರು, ಹಿಂದೆ ನಾಟಕದ ನಟಿ. ಟ್ರಸ್ಟಿಗೆ ಬೇರೆ ಬೇರೆ ದೇಶಗಳಲ್ಲಿ ಕೇಂದ್ರಗಳಿವೆ. ನಮ್ಮ ಕಡೆಯದು ಜಿಗಣಿ ಕೈಗಾರಿಕಾ ಪ್ರದೇಶದ ಒಂದು ಶೀಟಿನ ಶೆಡ್ಡು. ಗಾರ್ಮೆಂಟ್ಸ್ ಹೆಂಗಸರು ಐದೂವರೆಗೆ ಶಿಫ್ಟ್ ಮುಗಿಸಿ ನಡೆದು ಬರುತ್ತಾರೆ. ಚಿಂದಿ ಬಟ್ಟೆಯಲ್ಲಿ ಗೊಂಬೆ ಹೊಲಿದು ಗೊಂಬೆಯಾಟ ಕಟ್ಟುತ್ತಾರೆ. ಏಳಕ್ಕೆ ಮನೆ. ಕಲಿಸುವಾಕೆಯೂ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದವಳೇ. ಟೀಚರಮ್ಮ ಎನ್ನುತ್ತಾರೆ.

ನಾನು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಟೂಲ್ ರೂಮ್ ಫೋರ್‌ಮನ್ ಆಗಿದ್ದು ನಿವೃತ್ತನಾದವನು. ಈಗ ಜಿಗಣಿಯಲ್ಲಿ ಮಗಳ ಮನೆ. ಯಂತ್ರ ಕೆಟ್ಟರೆ ಶೆಡ್ಡಿಗೆ ಹೋಗುತ್ತಿದ್ದೆ. ಅಷ್ಟೇ ಸಂಬಂಧ.

ಒಂದು ತಿಂಗಳ ಮೇಲೆ ಪತ್ರ ಬಂತು. ನಾನು ಟ್ರಸ್ಟಿಯಂತೆ. ಅಂದು ಜೊತೆಗೆ ಬಂದಿದ್ದ ಹುಡುಗಿ ಟ್ರಸ್ಟಿನ ಕಾರ್ಯದರ್ಶಿ, ಮಾರತ್ತಹಳ್ಳಿಯಲ್ಲಿ ಕಚೇರಿ. ಫೋನ್ ಮಾಡಿದೆ.

"ಇದೇನಮ್ಮ?"

"ಪ್ರತಿ ಕೇಂದ್ರದ ಬೋರ್ಡಲ್ಲೂ ಇಬ್ರು ಸ್ಥಳೀಯರು ಇರಬೇಕು ಸಾರ್, ರೂಲ್ಸು. ಒಬ್ರು ಶೆಡ್ಡಿನ ಓನರ್ ಗೌಡ್ರು. ಇನ್ನೊಬ್ರು ನೀವು."

"ನಂಗೆ ಕಲೆ ಗೊತ್ತಿಲ್ಲ."

"ಮೇಡಂ ಅದನ್ನೇ ಬರೆದಿದ್ದಾರೆ ಸಾರ್. ಇಷ್ಟು ವರ್ಷದಲ್ಲಿ ಅದನ್ನ ಒಪ್ಪಿಕೊಂಡ ಮೊದಲನೇ ಟ್ರಸ್ಟಿ ಅಂತ."

೨. ಎರಡು ನಿಮಿಷದ ಮೌನ

ಬೋರ್ಡಿನಲ್ಲಿ ಐದು ಜನ. ಅಧ್ಯಕ್ಷೆ, ಗೌಡರು, ನಾನು. ಜೊತೆಗೆ ಇಂಗ್ಲೆಂಡಿನ ಒಬ್ಬ ಖಜಾಂಚಿ, ಜರ್ಮನಿಯ ಒಬ್ಬ ಸಂಗೀತಗಾರ. ಖಜಾಂಚಿ ತೆಳ್ಳಗಿನ ಮನುಷ್ಯ. ನಿಯಮಗಳನ್ನೆಲ್ಲ ಬರೆದವರು ಅವರೇ, ಪಾಲಿಸುತ್ತಿದ್ದವರೂ ಹೆಚ್ಚಾಗಿ ಅವರೇ.

ಅವರು ಒಂದು ಪ್ರಸ್ತಾವ ತಂದರು. ಜಿಗಣಿಯಲ್ಲಿ ಗದ್ದಲ. ಈ ಕೇಂದ್ರ ಮುಚ್ಚಿ ವೈಟ್‌ಫೀಲ್ಡಿನ ಗಾಜಿನ ಕಟ್ಟಡವೊಂದಕ್ಕೆ ಸಾಗಿಸೋಣ.

ಟೀಚರಮ್ಮ ಅಂದು ನಾನು ಯಂತ್ರಕ್ಕೆ ಎಣ್ಣೆ ಬಿಡುವಾಗ ಬಂದು ನಿಂತಳು.

"ವೈಟ್‌ಫೀಲ್ಡಿಗೆ ಮೂರು ಬಸ್ಸು ಯಜಮಾನ್ರೇ. ಅಲ್ಲಿ ಇಳಿಯೋ ಹೊತ್ಗೆ ಇಲ್ಲಿ ಮನೇಲಿ ಅಡುಗೆ ಟೈಮು. ಒಬ್ಳೂ ಬರಲ್ಲ. ಹದಿನಾರು ಜನ ಇದಾರೆ, ಗೊಂಬೆನ ಕೆಳಗಿಟ್ಟು ಹೋಗ್ತಾರೆ ಅಷ್ಟೆ. ಮೀಟಿಂಗಲ್ಲಿ ಒಂದ್ ಮಾತಾಡಿ."

"ನೋಡೋಣ."

"ನೋಡ್ಬೇಡಿ, ಮಾತಾಡಿ!"

ಸಭೆ ವಿಡಿಯೋದಲ್ಲಿ. ನಮಗೆ ಮಧ್ಯಾಹ್ನ, ಅವರಿಗೆ ಬೆಳಗ್ಗೆ. ನಾನು, ಗೌಡರು, ಮಾತು ಅನುವಾದಿಸಲು ಕಾರ್ಯದರ್ಶಿ, ಶೆಡ್ಡಿನಲ್ಲೇ ಕೂತಿದ್ದೆವು. ಪ್ರತಿ ಸಭೆಯೂ ಎರಡು ನಿಮಿಷದ ಮೌನದಿಂದ ಶುರು. ಕೇಂದ್ರದ ಸದ್ದನ್ನು ಎಲ್ಲರೂ ಕಣ್ಣು ಮುಚ್ಚಿ ಆಲಿಸಬೇಕು. ಆ ದಿನ ಕೇಳಿಸಿದ್ದು ಒಂದೇ ಸದ್ದು. ಪಕ್ಕದ ಶೆಡ್ಡಿನಿಂದ ಧಡ್, ಧಡ್, ಧಡ್.

ಖಜಾಂಚಿಯ ಮುಖ ಗೆದ್ದವರ ಹಾಗಿತ್ತು. ಸಂಗೀತಗಾರ ಮಾತ್ರ ತಲೆದೂಗುತ್ತಿದ್ದರು. ಮೌನ ಮುಗಿದ ಮೇಲೆ ಕೇಳಿದರು: "ಯಾರು ಆ ವಾದಕ? ಪ್ರತಿ ಪೆಟ್ಟಿಗೂ ಮುಂಚೆ ಕೂದಲೆಳೆಯಷ್ಟು ತಡೆಯುತ್ತಾನೆ. ಆ ತಡೆಯೇ ಸಂಗೀತ."

ಎಲ್ಲರೂ ನನ್ನನ್ನು ನೋಡಿದರು. "ಪವರ್ ಪ್ರೆಸ್ಸು," ಎಂದೆ. "ತಗಡು ಒತ್ತೋ ಯಂತ್ರ, ಎಪ್ಪತ್ತೈದು ಟನ್. ಕ್ಲಚ್ ಜಾರ್ತಿದೆ."

ಸಂಗೀತಗಾರರಿಗೆ ಇನ್ನೂ ಖುಷಿಯಾಯಿತು. ತಾನು ಬಂದು ಧ್ವನಿಮುದ್ರಣ ಮಾಡಿಕೊಳ್ಳುವವರೆಗೆ ಕೇಂದ್ರ ಕದಲಬಾರದು ಎಂದರು. ಪ್ರಸ್ತಾವವನ್ನು ಮುಂದೂಡಿದರು. ಟೀಚರಮ್ಮ ಪ್ರೆಸ್ಸಿನವರಿಗೆ ಮೈಸೂರುಪಾಕು ಕೊಟ್ಟು ಬಂದಳು.

ನಾನು ನಲವತ್ತು ವರ್ಷ ಯಂತ್ರಗಳ ಜೊತೆ ಇದ್ದವನು. ಜಾರುವ ಕ್ಲಚ್ಚಿನ ಸದ್ದು ಕೇಳಿಕೊಂಡು ಕೂರಲು ಆಗಲಿಲ್ಲ. ಮಾರನೆಯ ದಿನ ಹೋಗಿ ಸರಿ ಮಾಡಿದೆ.

ಮುಂದಿನ ಸಭೆಯಲ್ಲಿ ಸಂಗೀತಗಾರ ಒಂದು ನಿಮಿಷ ಆಲಿಸಿ ಕಣ್ಣು ತೆರೆದರು. "ಆ ಹಳೆಯ ಕಲಾವಿದನಿಗೆ ಏನಾಯಿತು?"

ಟೀಚರಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು.

೩. ಸನ್ಮಾನ

ಕೊನೆಗೆ ಬೋರ್ಡೇ ಜಿಗಣಿಗೆ ಬರುವುದೆಂದು ಆಯಿತು. ಶನಿವಾರ ಭೇಟಿ, ಭಾನುವಾರ ಮತದಾನ.

ಕಾರ್ಯದರ್ಶಿ ಗೌಡರಿಗೆ ಹೇಳಿದಳು: "ಕುರ್ಚಿಗಳನ್ನ ರೌಂಡಾಗಿ ಹಾಕ್ಸಿ ಸಾರ್. ಮೇಲು ಕೀಳು ಇರಬಾರದು, ಅವರ ಪದ್ಧತಿ."

ಗೌಡರದು ಜಿಗಣಿ ಹಳೇ ಊರಿನ ಮನೆತನ. ಈಗ ಆರು ಶೆಡ್ಡುಗಳ ಮಾಲೀಕರು. ನನ್ನ ಹತ್ತಿರ ಬಂದು ಸಿಡಿದರು. "ಅಷ್ಟು ದೂರದಿಂದ ಬಂದೋರ್ನ ಟೋಪಿ ಬೇಕಾ ಟೋಪಿ ಆಡೋ ಮಕ್ಳಂಗೆ ರೌಂಡಾಗಿ ಕೂರ್ಸಾದಾ? ಅವ್ರ ಮನ್ಸು ಕರಗ್ಬೇಕು ಅಂದ್ರೆ ಇಂಗಲ್ಲ ಮಾಡಾದು. ನೀವು ಸುಮ್ಕಿರಿ."

ಎಣ್ಣೆ ಡಬ್ಬಿ ಎತ್ತಿಕೊಂಡು ಯಂತ್ರದ ಕಡೆ ಹೋದೆ.

ಶನಿವಾರ ಶಾಮಿಯಾನ ಎದ್ದಿತ್ತು. ವೇದಿಕೆಯ ಮೇಲೆ ಕೆಂಪು ಮಖಮಲ್ಲಿನ, ಚಿನ್ನದ ಬಣ್ಣದ ಕೈಗಳ ಎರಡು ದೊಡ್ಡ ಕುರ್ಚಿ. ಶಾಮಿಯಾನದವನ ಹತ್ತಿರ ಇದ್ದದ್ದು ಅವೇ, ಮದುವೆಯವು. ಒಂದರಲ್ಲಿ ಅಧ್ಯಕ್ಷೆ, ಇನ್ನೊಂದರಲ್ಲಿ ಖಜಾಂಚಿ. ಅಧ್ಯಕ್ಷೆ ರೇಷ್ಮೆ ಸೀರೆ ಉಟ್ಟಿದ್ದರು. ಖಜಾಂಚಿಗೆ ಮೈಸೂರು ಪೇಟ, ಜರಿ ಶಲ್ಯ. ಹೆಂಗಸರು ಆರತಿ ಎತ್ತಿದರು. ಯಾರೋ ಅಕ್ಷತೆ ಹಾಕಿದರು. ಒಬ್ಬರು ಹಾಕಿದ ಮೇಲೆ ಎಲ್ಲರೂ ಹಾಕಿದರು.

ಗೌಡರು ಖಜಾಂಚಿಯ ಕೈಗೆ ಒಂದು ಹಾರ ಕೊಟ್ಟು, "ಆಕಿ ಸಾರ್, ಮೇಡಂಗೆ ಆಕಿ," ಎಂದರು. ಪದ್ಧತಿ ಎಂದುಕೊಂಡು ಹಾಕಿದರು. ಅಧ್ಯಕ್ಷೆ ರಂಗದ ಮೇಲೆ ಬೆಳೆದವರು, ತಲೆ ತಗ್ಗಿಸಿ ಹಾಕಿಸಿಕೊಂಡು ತಮ್ಮ ಹಾರ ತೆಗೆದು ಅವರಿಗೆ ಹಾಕಿದರು. ಚಪ್ಪಾಳೆ.

ಫೋಟೋದವನೂ ಮದುವೆಗಳಿಗೆ ಹೋಗುವವನೇ. "ಸಾರ್ ಸ್ವಲ್ಪ ಹತ್ರ. ಮೇಡಂ, ಸಾರ್ ಕಡೆ ನೋಡಿ. ನಗು, ನಗು."

ಚಿತ್ರ ಮಧ್ಯಾಹ್ನವೇ ಟ್ರಸ್ಟಿನ ವೆಬ್‌ಸೈಟಿಗೆ ಹೋಯಿತು. ಸಂಜೆ ಇಂಗ್ಲೆಂಡಿನಿಂದ ಖಜಾಂಚಿಯ ಹೆಂಡತಿ ಫೋನ್ ಮಾಡಿ ಅಭಿನಂದನೆ ತಿಳಿಸಿದರು. ಆ ಮನುಷ್ಯ ಅಂಗಳದಲ್ಲಿ ಅರ್ಧ ಗಂಟೆ ಅತ್ತಿಂದಿತ್ತ ನಡೆಯುತ್ತ ವಿವರಿಸಿದರು. ಪೇಟ ತೆಗೆಯುವುದನ್ನು ಮರೆತಿದ್ದರು.

"ಕೆಟ್ಟಿತು ಯಜಮಾನ್ರೇ," ಎಂದಳು ಟೀಚರಮ್ಮ. "ನಾಳೆ ಮುಚ್ಚೇ ಮುಚ್ತಾರೆ."

ಗೌಡರು ಮಾತ್ರ ಅಲುಗಲಿಲ್ಲ. "ಅದ್ಕ್ಯಾಕೆ ಯೋಚ್ನೆ? ಅವ್ರ ಮನೆಯೋರ್ಗೂ ಒಂದು ಸೀರೆ ಕಳ್ಸಿದ್ರಾಯ್ತು."

೪. ಮತದಾನ

ಭಾನುವಾರ ಬೆಳಗ್ಗೆ ಹತ್ತು ಗಂಟೆ. ರಜೆಯಾದರೂ ಹದಿನಾರು ಹೆಂಗಸರೂ ಬಂದು ಹೊರಗೆ ಹೊಂಗೆ ಮರದಡಿ ಕೂತಿದ್ದರು. ಒಳಗೆ ನಾವು ಐದು ಜನ, ಕಾರ್ಯದರ್ಶಿ.

ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಮುಚ್ಚಬೇಕು ಎನ್ನುವವರು ಖಜಾಂಚಿ, ಮತ್ತು ಪ್ರೆಸ್ಸಿನ ಮೇಲೆ ಆಸಕ್ತಿ ಹೋಗಿದ್ದ ಸಂಗೀತಗಾರ. ಬೇಡ ಎನ್ನುವವರು ಗೌಡರು, ನಾನು. ಅಧ್ಯಕ್ಷೆ ಇನ್ನೂ ತೀರ್ಮಾನಿಸಿರಲಿಲ್ಲ.

ಖಜಾಂಚಿ ಗಂಟಲು ಸರಿಮಾಡಿಕೊಂಡು ನಿಯಮ ಓದಿದರು. ಈ ಕೇಂದ್ರದಿಂದಾಗಲಿ, ಇಲ್ಲಿಯವರಿಂದಾಗಲಿ ಸ್ವಂತಕ್ಕೆ ಏನಾದರೂ ಪಡೆದವರು ಅದನ್ನು ಹೇಳಿ, ಮತದಾನ ಮುಗಿಯುವವರೆಗೆ ಹೊರಗಿರಬೇಕು. ಓದಿ ಗೌಡರ ಕಡೆ ನೋಡಿದರು. ಶೆಡ್ಡು ಅವರದು, ಬಾಡಿಗೆ ಬರುತ್ತದೆ.

"ಬುಡಿ, ಓಯ್ತೀನಿ," ಎಂದು ಗೌಡರು ಎದ್ದು ಹೋದರು. ಕಿಟಕಿಯಲ್ಲಿ ಟೀಚರಮ್ಮನ ಮುಖ ಕಂಡಿತು. ಒಂದು ಮತ ಹೋದದ್ದು ಅವಳಿಗೆ ತಿಳಿಯಿತು.

ಅಧ್ಯಕ್ಷೆ ಕೈ ಎತ್ತಿದರು. "ನಿನ್ನೆಯ ರವಿಕೆ ಇಲ್ಲಿ ಹೊಲಿದದ್ದು. ದುಡ್ಡು ತೆಗೆದುಕೊಳ್ಳಲಿಲ್ಲ."

ಖಜಾಂಚಿ ನಿಯಮ ನೋಡಿದರು. ಉಡುಗೊರೆ. ಅಧ್ಯಕ್ಷೆಯೂ ಹೊರಗೆ.

ಸಂಗೀತಗಾರ ಕುರ್ಚಿಯಲ್ಲಿ ಅಲುಗಾಡಿದರು. "ನಾನು ಬೆಳಗ್ಗೆ ಹೊರಗೆ ಆ ಹೆಂಗಸರು ಕೊಟ್ಟ ಇಡ್ಲಿ ತಿಂದೆ."

"ಎಷ್ಟು?"

ಯೋಚಿಸಿ ಹೇಳಿದರು. "ಹನ್ನೊಂದು."

ಒಂದೇ ಆಗಿದ್ದರೂ ಬಿಡುವ ಹಾಗಿರಲಿಲ್ಲ ಎಂದು ಖಜಾಂಚಿ ವಿಷಾದದಿಂದ ಹೇಳಿದರು. ಸಂಗೀತಗಾರ ಹೋದರು.

ಈಗ ಉಳಿದದ್ದು ಅವರು, ನಾನು. ಒಂದಕ್ಕೊಂದು. ಖಜಾಂಚಿ ಪೆನ್ನು ತೆಗೆದರು. ಬರೆಯಲಿಲ್ಲ. ಮುಚ್ಚಿದರು. ಕಿವಿ ಕೆಂಪಾಯಿತು.

"ಪೇಟ, ಶಲ್ಯ ಟ್ರಸ್ಟಿಗೆ ಒಪ್ಪಿಸಿದ್ದೇನೆ. ಆದರೆ ನಿನ್ನೆ ಆ ಮಖಮಲ್ಲಿನ ಕುರ್ಚಿಯ ಮೊಳೆಗೆ ಸಿಕ್ಕಿ ನನ್ನ ಪ್ಯಾಂಟು ಹಿಂದೆ ಹರಿಯಿತು," ಎಂದರು. "ಯಾರೂ ನೋಡಲಿಲ್ಲ. ಆ ಶಿಕ್ಷಕಿ ಪರದೆಯ ಆಚೆ ನಿಂತು ಕೈ ಚಾಚಿ ಇಸಿದುಕೊಂಡು ಹೊಲಿದುಕೊಟ್ಟರು. ಬಹಳ ಚೆನ್ನಾಗಿ ಹೊಲಿದಿದ್ದಾರೆ."

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರು. ಎದ್ದು, ಕುರ್ಚಿ ಸರಿಯಾಗಿ ಒಳಗೆ ತಳ್ಳಿ, ಹೊರಗೆ ಹೋದರು. ಅವರ ಮೇಲೆ ನನಗೆ ಗೌರವ ಬಂದದ್ದು ಆವತ್ತು.

ಕಾರ್ಯದರ್ಶಿ ನನ್ನ ಕಡೆ ತಿರುಗಿದಳು. "ನೀವು ಏನಾದ್ರೂ ತಗೊಂಡಿದ್ದೀರಾ ಸಾರ್?"

"ಇಲ್ಲ."

"ಊಟ, ತಿಂಡಿ?"

"ಮನೆ ಡಬ್ಬಿ."

"ಕಾಫಿನಾದ್ರೂ?"

"ಶುಗರ್."

ಅವಳು ನಿಯಮದ ಪುಸ್ತಕ ತಿರುವಿದಳು. "ಐದು ಜನ ಸೇರಿ ಸಭೆ ಶುರುವಾಗಿದ್ರೆ ಸಾಕು, ಒಳಗೆ ಉಳಿದವರ ತೀರ್ಮಾನವೇ ಬೋರ್ಡಿನ ತೀರ್ಮಾನ ಅಂತಿದೆ ಸಾರ್."

"ಬರೆದವರು?"

"ಅವ್ರೇ ಸಾರ್."

ಎದ್ದು ನಿಂತಳು. "ಕೇಂದ್ರ ಮುಚ್ಚುವ ಪರ ಇರುವವರು ಕೈ ಎತ್ತಿ."

ಎತ್ತಲಿಲ್ಲ.

"ವಿರುದ್ಧ?"

ಎತ್ತಿದೆ. ಎಣಿಸಿದಳು. ಎರಡು ಸಲ ಎಣಿಸಬೇಕು ಎಂದು ನಿಯಮವಿದೆಯಂತೆ. ಮತ್ತೆ ಎಣಿಸಿದಳು.

"ಕಾರಣ ಬರ್ಕೋಬೇಕು ಸಾರ್."

"ದೂರ."

"ಅಷ್ಟೇನಾ?"

"ಅಷ್ಟೇ."

ಸರ್ವಾನುಮತ ಎಂದು ಬರೆದುಕೊಂಡಳು.

ಹೊರಗೆ ಬಂದೆ. ಟೀಚರಮ್ಮ ಸೆರಗಿನ ತುದಿ ಹಿಂಡುತ್ತಿದ್ದಳು. ನಾಲ್ಕು ಟ್ರಸ್ಟಿಗಳೂ ಅವಳ ಹಿಂದೆ ಸಾಲಾಗಿ ನಿಂತಿದ್ದರು.

"ಏನಾಯ್ತು ಯಜಮಾನ್ರೇ?"

"ಇಲ್ಲೇ ಇರತ್ತೆ."

ಹೆಂಗಸರು ಕೂಗಿದ ಕೂಗಿಗೆ ಹೊಂಗೆ ಮರದ ಕಾಗೆಗಳು ಎದ್ದವು. ಅಧ್ಯಕ್ಷೆ ಯಾರನ್ನೋ ಅಪ್ಪಿಕೊಂಡರು. ಟೀಚರಮ್ಮ ಒಂದು ಲೋಟ ಕಾಫಿ ತಂದು ನನ್ನ ಕೈಗಿಟ್ಟಳು. ಬೇಡ ಎನ್ನಲು ಹೋದೆ, ಅವಳ ಕಣ್ಣು ಒದ್ದೆಯಾಗಿತ್ತು. ಕುಡಿದೆ. ಎರಡು ಚಮಚ ಸಕ್ಕರೆ ಇತ್ತು.

ಖಜಾಂಚಿ ನೋಡಿದರು. ಜೇಬಿನಿಂದ ಪುಸ್ತಕ ತೆಗೆದು, ದಿನಾಂಕ ಹಾಕಿ, ನನ್ನ ಹೆಸರಿನ ಮುಂದೆ ಕಾಫಿ ಎಂದು ಬರೆದುಕೊಂಡರು.

ಈಗ ಆ ಕೇಂದ್ರ ಮುಚ್ಚುವ ವಿಷಯದಲ್ಲಿ ಮತ ಹಾಕುವ ಹಕ್ಕು ಬೋರ್ಡಿನಲ್ಲಿ ಯಾರಿಗೂ ಇಲ್ಲ. ಕೇಂದ್ರ ಜಿಗಣಿಯಲ್ಲಿದೆ.