ಕುರಿ ನೋಡಿ ಕೊಟ್ಟ ಸಂಬಳ

ಸುಮ್ಮನೆ ಕೂತವರನ್ನು ಜನ ತಿಳಿದವರು ಎಂದುಕೊಳ್ಳುತ್ತಾರೆ. ಬಾಯಿ ತೆರೆದರೆ ಆ ಗೌರವವೂ ಹೋಗುತ್ತದೆ. ನಿಮ್ಮ ಈ ಅಜ್ಜಿಗೆ ಇದ್ದ ಗೌರವ ಹೋದದ್ದು ಹೇಗೆಂದು ಹೇಳುತ್ತೇನೆ, ಮಕ್ಕಳೇ. ನಿಮ್ಮ ತಾತ ತೀರಿಕೊಂಡು, ರೈತರಿಂದ ಶೇಂಗಾ ಕೊಳ್ಳುವ ಸಣ್ಣ ಅಂಗಡಿ ನನ್ನ ಪಾಲಿಗೆ ಬಂದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಚಳ್ಳಕೆರೆಯ ಒಂದು ಸೇವಾ ಸಂಸ್ಥೆಯವರು ನನ್ನನ್ನು ಕಮಿಟಿಗೆ ಸೇರಿಸಿಕೊಂಡರು. ಕೂಲಿಗೆ ಹೋಗುವವರ ಮಕ್ಕಳಿಗಾಗಿ ಹಳ್ಳಿಗಳಲ್ಲಿ ಶಿಶುವಿಹಾರ ನಡೆಸುವ ಸಂಸ್ಥೆ ಅದು. ನಾನು ಓದಿದ್ದು ನನ್ನಿವಾಳದ ಶಾಲೆಯಲ್ಲಿ, ಅದೂ ಅರ್ಧಕ್ಕೆ. ಹಾಗಾಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಎಲ್ಲರೂ ತಲೆ ಆಡಿಸಿದಾಗ ನಾನೂ ಆಡಿಸುತ್ತಿದ್ದೆ. ಆ ಕೆಲಸವನ್ನು ಬಹಳ ದಿನ ಚೆನ್ನಾಗಿಯೇ ಮಾಡಿದೆ.

ಒಂದು ಸಭೆಯಲ್ಲಿ ಶಿಶುವಿಹಾರದ ಹೆಂಗಸರ ಸಂಬಳದ ಮಾತು ಬಂತು. ಆ ವರ್ಷ ಸ್ವಲ್ಪ ಹಣ ಹೆಚ್ಚಿಗೆ ಬಂದಿತ್ತು, ನ್ಯಾಯವಾಗಿ ಏರಿಸಬೇಕಿತ್ತು. ಅಧ್ಯಕ್ಷರಾಗಿದ್ದ ರಿಟೈರ್ಡ್ ಮೇಷ್ಟ್ರು ನನ್ನ ಕಡೆ ತಿರುಗಿ, "ನೀವೂ ಒಂದು ಮಾತು ಹೇಳ್ರಿ ಅವ್ವಾರೆ, ಬರೀ ಚಾ ಕುಡಿದು ಹೋಗ್ತೀರಿ" ಎಂದರು. ಗಾಬರಿಯಲ್ಲಿ, "ಮನೇಲಿ ಏನೂ ಇಲ್ದೋರಿಗೆ ಜಾಸ್ತಿ ಕೊಡ್ರಿ. ಕುರಿಗಿರಿ ಇದ್ದೋರು ಹೆಂಗೋ ನಡೆಸ್ತಾರೆ" ಎಂದುಬಿಟ್ಟೆ. ಎಂಥ ಕರುಣೆ ಎಂದು ಈ ಸಲ ಎಲ್ಲರೂ ನನ್ನ ಮಾತಿಗೆ ತಲೆ ಆಡಿಸಿದರು. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಮೇಷ್ಟ್ರು ಕೊಡೆ ಹಿಡಿದು ಹಟ್ಟಿ ಹಟ್ಟಿ ತಿರುಗಿ ಆ ಹೆಂಗಸರ ಮನೆಯ ಕುರಿ ನೋಡತೊಡಗಿದರು. ಸುದ್ದಿ ಅವರಿಗಿಂತ ಮೊದಲೇ ತಲುಪಿ, ಕುರಿಗಳೆಲ್ಲ ಅಣ್ಣತಮ್ಮಂದಿರ ಮನೆಗೆ ನೆಂಟಸ್ತನಕ್ಕೆ ಹೋದವು. ಪರಶುರಾಂಪುರದ ಕಡೆಯ ಶಿಶುವಿಹಾರದಲ್ಲಿದ್ದ ಬೋರಕ್ಕ ಮಾತ್ರ ಮಂದೆ ಬಚ್ಚಿಡಲಿಲ್ಲ. ಎಂಥ ಹಟಮಾರಿ ಕೂಸೂ ಅವಳ ಮಡಿಲಲ್ಲಿ ಅಳು ನಿಲ್ಲಿಸುತ್ತಿತ್ತು. ಅವಳೊಬ್ಬಳ ಸಂಬಳ ಏರಲಿಲ್ಲ.

ಬೋರಕ್ಕ ನೇರ ನಮ್ಮ ಮನೆಗೇ ಬಂದಳು. "ಕುರಿ ನನ್ ಗಂಡಂದು. ಹುಡುಗ್ರ ಕುಂಡಿ ತೊಳೆಯಾಕಿ ನಾನು. ನಿಮ್ ಅಂಗಡ್ಯಾಗೆ ಶೇಂಗಾ ತಗೊಳ್ಳುವಾಗ, ಇವನ ಮನ್ಯಾಗೆ ಕುರಿ ಐತೆ, ರೇಟು ಇಳಿಸಾನ ಅಂತೀರಾ?"

"ಹಂಗಲ್ಲ ಬೋರಕ್ಕ, ಪಾಪ, ಇಲ್ದೋರು..."

"ಪಾಪದೋರಿಗೆ ಬೇರೆ ಕೊಡ್ರಿ. ದುಡಿದಿದ್ದಕ್ಕೆ ದುಡಿದಷ್ಟು ಕೊಡ್ರಿ."

ಅವಳು ಕೆಲಸ ಬಿಟ್ಟು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮನೆಗೆ ನೂಲು ಸುತ್ತಲು ಹೋದಳು. ಗಂಡ ಕುರಿ ಹೊಡೆದುಕೊಂಡು ಹಿಂದೆಯೇ ಹೋದ. ಶಿಶುವಿಹಾರದ ಮಕ್ಕಳ ಅಳು ನಿಲ್ಲಲಿಲ್ಲ. ಮುಂದಿನ ಸಭೆಯಲ್ಲಿ ನಾನೇ ಎದ್ದು ನಿಂತು, ಒಂದೇ ಕೆಲಸಕ್ಕೆ ಒಂದೇ ಸಂಬಳ ಇರಲಿ, ಬಾಣಂತನಕ್ಕೆ ಸಂಬಳದ ರಜೆಯೂ ಇರಲಿ ಎಂದು ಗೋಗರೆದೆ. ಒಪ್ಪಿದರು. ಬೋರಕ್ಕನನ್ನು ಕರೆತರಲು ಬಸ್ಸು ಹತ್ತಿದೆ.

ಅವಳು ರಾಟೆ ತಿರುಗಿಸುತ್ತಲೇ ಎಲ್ಲ ಕೇಳಿದಳು. "ಒಳ್ಳೇದಾತು, ಉಳಿದೋರಿಗಾದ್ರೂ ಸಿಗಲಿ. ನಾ ಬರಾದಿಲ್ಲ ಬಿಡ್ರಿ. ಇಲ್ಲಿ ಮಾಲೀಕ ಜುಗ್ಗ, ಆದ್ರೆ ನೂಲು ನೋಡಿ ಕೊಡ್ತಾನೆ, ಹಟ್ಟಿ ನೋಡಾದಿಲ್ಲ." ಚಾ ತರಿಸಿದಳು. ನನ್ನ ಸಾದಾ ಸೀರೆಯನ್ನೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು: "ನಿಮ್ ಯಜಮಾನ್ರು ಹೋದ್ಮೇಲೆ ಮನೆ ಹೆಂಗ್ ನಡೀತೈತವ್ವಾರೆ? ಅಂಗಡಿ ಬಿಟ್ರೆ ಏನಾದ್ರೂ ಐತಾ?"

ಚೆನ್ನಾಗೇ ನಡೀತೈತೆ ಎಂದು ಬಿಗಿಯಾಗಿ ಹೇಳಿ ಎದ್ದೆ. ತರಿಸಿದ ಚಾ ಅಲ್ಲೇ ಉಳಿಯಿತು. ಬಸ್ಸಿನಲ್ಲಿ ಕೂತ ಮೇಲೆ, ಪಾಪ, ಅವಳು ಕರುಣೆಯಿಂದಲೇ ಕೇಳಿದ್ದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ನಾನೂ ಕರುಣೆಯಿಂದಲೇ ಹೇಳಿದ್ದೆನಲ್ಲ.